ಹೆಣ್ಣು ಊಸರವಳ್ಳಿ ಐದು ದಿನಗಳಿಂದ ಮಣ್ಣು ಕೆದಕುತ್ತಿದೆ, ಮೊಟ್ಟೆ ಇಡುತ್ತಿಲ್ಲ: ಕಾಯಬೇಕೇ, ವೈದ್ಯರಲ್ಲಿಗೆ ಒಯ್ಯಬೇಕೇ?

ಬಿಜೈ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬಿಜೈಯ ಫ್ಲ್ಯಾಟ್ ಒಂದರಲ್ಲಿ ವಾಸವಾಗಿರುವ ನಾನು ಕಳೆದ ಏಳು ತಿಂಗಳಿನಿಂದ ಒಂದು ಹೆಣ್ಣು ವೇಲ್ಡ್ ಊಸರವಳ್ಳಿಯನ್ನು ಸಾಕುತ್ತಿದ್ದೇನೆ. ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಯನ್ನೇ ನಮ್ಮಲ್ಲಿ ಹಲವರು ಊಸರವಳ್ಳಿ ಎನ್ನುವುದರಿಂದ ಮೊದಲೇ ತಿಳಿಸಿಬಿಡುತ್ತೇನೆ: ಇದು ಯೆಮೆನ್ ಮತ್ತು ಸೌದಿ ಅರೇಬಿಯಾ ಮೂಲದ, ತಲೆಯ ಮೇಲೆ ಎತ್ತರದ ಶಿಖೆಯಿರುವ ಜಾತಿ. ಸಾಕಣೆಯಲ್ಲೇ ಹುಟ್ಟಿದ ಮರಿಯನ್ನು ತಂದಿದ್ದೇನೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯನ್ನೂ ಮಾಡಿಸಿದ್ದೇನೆ. ಮನೆಯಲ್ಲಿ ಅದನ್ನು ‘ಪಚ್ಚೆ’ ಎಂದು ಕರೆಯುತ್ತೇವೆ. ಈಗ ಅದಕ್ಕೆ ಹತ್ತು ತಿಂಗಳು.

ಮಾರಿದವರು ‘ಗಂಡು ಜೊತೆಗಿಲ್ಲದಿದ್ದರೆ ಮೊಟ್ಟೆಯ ಚಿಂತೆಯೇ ಇಲ್ಲ’ ಎಂದು ಹೇಳಿದ್ದರು. ಅದನ್ನು ನಂಬಿ ನಾನು ಮೊಟ್ಟೆ ಇಡುವುದಕ್ಕೆ ಯಾವ ಏರ್ಪಾಡನ್ನೂ ಮಾಡಿರಲಿಲ್ಲ. ಸುಮಾರು ಮೂರು ವಾರಗಳ ಹಿಂದೆ ಪಚ್ಚೆಯ ತಿಳಿ ಹಸಿರು ಮೈ ಕಪ್ಪುಹಸಿರಾಗಿ, ಅದರ ಮೇಲೆ ಹಳದಿ ಮತ್ತು ಆಕಾಶನೀಲಿ ಚುಕ್ಕೆಗಳು ಎದ್ದವು. ಅದು ಮುನಿಸಿನ ಬಣ್ಣವೆಂದು ಭಾವಿಸಿದೆ. ಹತ್ತು ದಿನಗಳಿಂದ ಹುಳು ತಿನ್ನುವುದು ಕಡಿಮೆಯಾಗಿ ಈಗ ಪೂರ್ತಿ ನಿಂತಿದೆ, ನೀರನ್ನು ಮಾತ್ರ ಕುಡಿಯುತ್ತಿದೆ. ಪಕ್ಕೆಗಳನ್ನು ಓರೆ ಬೆಳಕಿನಲ್ಲಿ ನೋಡಿದರೆ ಹುರಿಗಡಲೆ ತುಂಬಿದ ಬಟ್ಟೆಚೀಲದ ಹಾಗೆ ಉಬ್ಬುಗಳು ಕಾಣಿಸುತ್ತವೆ. ಕಳೆದ ತಿಂಗಳು 104 ಗ್ರಾಂ ಇದ್ದ ತೂಕ ಇಂದು ಬೆಳಿಗ್ಗೆ 128 ಗ್ರಾಂ ಆಗಿದೆ.

ಐದು ದಿನಗಳ ಹಿಂದೆ ಅದು ಗೂಡಿನ ತಳಕ್ಕಿಳಿದು ದಾಸವಾಳದ ಕುಂಡದ ಮಣ್ಣನ್ನು ಕೆದಕತೊಡಗಿತು. ಅಂತರ್ಜಾಲದಲ್ಲಿ ಹುಡುಕಿ ವಿಷಯ ತಿಳಿದುಕೊಂಡು, ಕೈಗೆ ಸಿಕ್ಕಿದ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ಇಂಚಿನಷ್ಟು ತೆಂಗಿನ ನಾರಿನ ಪುಡಿಯನ್ನು ತುಂಬಿ ಇಟ್ಟೆ. ಅದರಲ್ಲಿ ಇಳಿದು ಕೆದಕುತ್ತದೆ, ಉಗುರು ಡಬ್ಬಿಯ ತಳಕ್ಕೆ ತಾಗಿದ ಸದ್ದು ಕೇಳಿಸುತ್ತದೆ, ಸ್ವಲ್ಪ ಹೊತ್ತು ಹಾಗೆಯೇ ಇದ್ದು ಮೇಲೆ ಹತ್ತಿ ಬರುತ್ತದೆ, ಮರುದಿನ ಮತ್ತೆ ಇಳಿಯುತ್ತದೆ. ನಿನ್ನೆ ಸಂಜೆ ಗೂಡಿನ ತಳದಲ್ಲಿ ಒಂದೇ ಒಂದು ಮೊಟ್ಟೆ ಬಿದ್ದಿತ್ತು. ಇಂದು ಬೆಳಿಗ್ಗೆಯಿಂದ ಕೊಂಬೆಯ ಮೇಲೆ ಕುಳಿತೇ ಇದೆ, ಆಗಾಗ ಎರಡೂ ಕಣ್ಣುಗಳನ್ನು ಮುಚ್ಚಿಕೊಳ್ಳುತ್ತಿದೆ.

ಗೂಡು ಎರಡು ಅಡಿ ಅಗಲ, ಎರಡು ಅಡಿ ಆಳ, ನಾಲ್ಕು ಅಡಿ ಎತ್ತರದ ಜಾಲರಿಯದು. ಪೂರ್ವದ ಬಾಲ್ಕನಿಯಲ್ಲಿದ್ದು, ಅದರ ಗಾಜಿನ ಬಾಗಿಲುಗಳನ್ನು ಹಗಲಿನಲ್ಲಿ ಮುಚ್ಚಿರುತ್ತೇವೆ. 60 ವಾಟಿನ ಬಲ್ಬು ಮತ್ತು ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ಟ್ಯೂಬ್ ಬೆಳಗಿನಿಂದ ಸಂಜೆಯವರೆಗೆ ಉರಿಯುತ್ತವೆ. ದಿನಕ್ಕೆ ಹತ್ತು ಹನ್ನೆರಡು ಕ್ರಿಕೆಟ್ ಹುಳು, ವಾರಕ್ಕೆ ಕೆಲವು ಸೂಪರ್‌ವರ್ಮ್ ಕೊಡುತ್ತಿದ್ದೆ. ಕ್ಯಾಲ್ಸಿಯಂ ಪುಡಿಯನ್ನು ನೆನಪಾದಾಗ ಹಚ್ಚುತ್ತಿದ್ದೆ. ಹರಳೆಣ್ಣೆ ಹಚ್ಚಿ ಹೊಟ್ಟೆಯನ್ನು ಮೆಲ್ಲಗೆ ನೀವಿದರೆ ಮೊಟ್ಟೆ ಇಳಿಯಬಹುದು ಎಂದು ಅತ್ತೆಯವರು ಹೇಳುತ್ತಿದ್ದಾರೆ. ನನಗೆ ಧೈರ್ಯ ಬರಲಿಲ್ಲ. ತಿಳಿದವರು ದಯವಿಟ್ಟು ಬೇಗ ಉತ್ತರಿಸಬೇಕಾಗಿ ಕೋರುತ್ತೇನೆ.

ಉಡುಪಿಯ ಹವ್ಯಾಸಿ

ಅಕ್ಕ, ಹೊಟ್ಟೆಯನ್ನು ನೀವದೆ ಇದ್ದದ್ದು ಒಳ್ಳೆಯದಾಯಿತು, ಯಾರು ಹೇಳಿದರೂ ಅದನ್ನು ಮಾಡಬೇಡಿ. ನಾನು ಸಂತೆಕಟ್ಟೆಯಲ್ಲಿ ಆರು ವರ್ಷಗಳಿಂದ ಇದೇ ಜಾತಿಯನ್ನು ಸಾಕುತ್ತಿದ್ದೇನೆ. ಮೂರು ಹೆಣ್ಣುಗಳ ಮೊಟ್ಟೆ ಇಡುವಿಕೆಯನ್ನು ಹತ್ತಿರದಿಂದ ನೋಡಿದ್ದೇನೆ. ಕೋಳಿಯ ಹಾಗೆಯೇ ಈ ಜಾತಿಯ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಇಡುತ್ತದೆ. ನಾಲ್ಕೈದು ತಿಂಗಳು ತುಂಬಿದ ಮೇಲೆ ಯಾವಾಗ ಬೇಕಾದರೂ ಮೊದಲ ಸಲ ಕಟ್ಟಬಹುದು, ಆಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ ಮರುಕಳಿಸಬಹುದು. ನೀವು ಕಂಡ ಕಪ್ಪುಹಸಿರು ಮೈ ಮತ್ತು ಹಳದಿ-ನೀಲಿ ಚುಕ್ಕೆಗಳು ಮೊಟ್ಟೆ ಕಟ್ಟಿದ ಹೆಣ್ಣಿನ ಬಣ್ಣವೇ.

ನಿಮ್ಮ ಡಬ್ಬಿಯಲ್ಲಿ ಅದು ಮೊಟ್ಟೆ ಇಡದಿರುವುದಕ್ಕೆ ಕಾರಣ ನೀವೇ ಬರೆದಿರುವ ಆ ಸದ್ದಿನಲ್ಲಿದೆ. ಈ ಪ್ರಾಣಿ ನೆಲವನ್ನು ಓರೆಯಾಗಿ ಕೊರೆದು, ತನ್ನ ಇಡೀ ಮೈ ಮರೆಯಾಗುವಷ್ಟು ಆಳದ ಸುರಂಗ ಮಾಡಿ, ಅದರ ಕೊನೆಯಲ್ಲಿ ಹಿಂದುಮುಂದಾಗಿ ತಿರುಗಿ ಮೊಟ್ಟೆ ಇಟ್ಟು, ಮತ್ತೆ ಮಣ್ಣನ್ನು ಎಳೆದು ತುಂಬಿ, ಕಾಲಿನಿಂದ ತಟ್ಟಿ ಗಟ್ಟಿ ಮಾಡಿ ಬರುತ್ತದೆ. ನಾಲ್ಕು ಇಂಚಿಗೆ ಪ್ಲಾಸ್ಟಿಕ್ ಸಿಕ್ಕಿದರೆ ಈ ಜಾಗ ಆಗದೆಂದು ಎದ್ದು ಬರುತ್ತದೆ. ಬೇರೆ ಜಾಗ ಸಿಗದೆ ಮೊಟ್ಟೆಗಳನ್ನು ಒಳಗೇ ತಡೆದುಕೊಳ್ಳುತ್ತಾ ಹೋದರೆ ಅಲ್ಲಿಂದ ಅಪಾಯ ಶುರುವಾಗುತ್ತದೆ.

ಇಂದೇ 20 ಲೀಟರಿನ ಒಂದು ಬಾಲ್ದಿಯನ್ನು ತೆಗೆದುಕೊಂಡು ಕನಿಷ್ಠ 30 ಸೆಂಟಿಮೀಟರ್ ಆಳಕ್ಕೆ ತುಂಬಿ. ತೆಂಗಿನ ನಾರಿನ ಪುಡಿ ಮಾತ್ರ ಹಾಕಿದರೆ ಸುರಂಗ ನಿಲ್ಲುವುದಿಲ್ಲ, ಕುಸಿಯುತ್ತದೆ. ನಮ್ಮ ಕಡೆಯ ಮುರಕಲ್ಲಿನ ಕೆಂಪು ಮಣ್ಣನ್ನು ಮಾತ್ರ ಹಾಕಿದರೆ ಒಣಗುತ್ತಿದ್ದಂತೆ ಇಟ್ಟಿಗೆಯಾಗುತ್ತದೆ. ಹೊಳೆಯ ಹೊಯಿಗೆಯನ್ನು (ಮರಳನ್ನು) ಚೆನ್ನಾಗಿ ತೊಳೆದು, ಅದಕ್ಕೆ ಗೊಬ್ಬರ ಸೇರಿಸದ ತೋಟದ ಮಣ್ಣನ್ನು ಅರ್ಧಕ್ಕರ್ಧ ಬೆರೆಸಿ. ಕಡಲ ಕರೆಯ ಹೊಯಿಗೆ ಬೇಡ, ಅದರಲ್ಲಿ ಉಪ್ಪಿರುತ್ತದೆ. ನೀರು ಚಿಮುಕಿಸಿ ಕಲಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ನೀರು ಇಳಿಯಬಾರದು. ತುಂಬಿದ ಮೇಲೆ ಎರಡು ಬೆರಳುಗಳನ್ನು ಓರೆಯಾಗಿ ಚುಚ್ಚಿ ತೆಗೆಯಿರಿ, ತೂತು ಹಾಗೆಯೇ ನಿಂತರೆ ಹದ ಸರಿಯಾಗಿದೆಯೆಂದು ತಿಳಿಯಿರಿ. ಆ ತೂತನ್ನು ಮುಚ್ಚಬೇಡಿ, ಹೆಣ್ಣು ಕೆಲವೊಮ್ಮೆ ಅಲ್ಲಿಂದಲೇ ಕೊರೆಯಲು ತೊಡಗುತ್ತದೆ. ಬಾಲ್ದಿಯೊಳಗೆ ಇಳಿದು ಹತ್ತಲು ಒಂದು ಒರಟು ಕೊಂಬೆಯನ್ನು ಆನಿಸಿಡಿ.

ಅಷ್ಟೇ ಮುಖ್ಯವಾದದ್ದು ಮರೆ. ಗೂಡಿನ ಮೂರು ಬದಿಗೆ ಹಳೆಯ ಬೆಡ್‌ಶೀಟ್ ಹೊದಿಸಿ, ಮನೆಯವರು ಆ ಕಡೆ ಸುಳಿಯದಂತೆ ನೋಡಿಕೊಳ್ಳಿ. ನನ್ನ ಮೊದಲ ಹೆಣ್ಣು ಅರ್ಧ ಸುರಂಗ ಕೊರೆದಿದ್ದಾಗ ನಾನು ಟಾರ್ಚ್ ಹಿಡಿದು ಇಣುಕಿ ನೋಡಿದೆ. ಅದು ಅಲ್ಲಿಂದ ಎದ್ದು ಹೋಗಿ ಎರಡು ದಿನ ಆ ಕಡೆಗೆ ಮುಖ ಹಾಕಲಿಲ್ಲ. ಆ ಎರಡು ದಿನ ನನಗೆ ನಿದ್ದೆ ಬಂದಿರಲಿಲ್ಲ.

ಇಷ್ಟೆಲ್ಲ ಬರೆದರೂ ನಿಮ್ಮ ಪತ್ರದ ಒಂದು ವಾಕ್ಯ ನನಗೆ ಕಳವಳ ತಂದಿದೆ. ಬಲವಾಗಿದ್ದು, ಕಣ್ಣು ತೆರೆದು, ಓಡಾಡಿಕೊಂಡು ಕೆದಕುವ ಹೆಣ್ಣಿಗೆ ಒಳ್ಳೆಯ ಬಾಲ್ದಿ ಕೊಟ್ಟು ಒಂದೆರಡು ದಿನ ಕಾಯಬಹುದು. ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಳ್ಳುವ ಹೆಣ್ಣಿನ ಮಾತು ಬೇರೆ. ಬಾಲ್ದಿಯನ್ನು ಸಿದ್ಧ ಮಾಡಿ ಇಡಿ, ಆದರೆ ವೈದ್ಯರನ್ನು ಇಂದೇ ಕಾಣಿರಿ.

ಪಶುವೈದ್ಯ, ಮಂಗಳೂರು

ಮೇಲಿನವರು ಕೊನೆಯಲ್ಲಿ ಹೇಳಿದ್ದನ್ನು ನಾನು ಮೊದಲಲ್ಲೇ ಹೇಳಬಯಸುತ್ತೇನೆ. ಹಗಲಿನಲ್ಲಿ ಕಣ್ಣು ಮುಚ್ಚುವುದು, ಕೊಂಬೆಯ ಮೇಲಿನ ಹಿಡಿತ ಸಡಿಲವಾಗುವುದು, ಕಣ್ಣಿನ ಗುಬುಟು ಒಳಕ್ಕೆ ಇಳಿದಂತೆ ಕಾಣುವುದು, ಒಂದೆರಡು ಮೊಟ್ಟೆ ಬಿದ್ದು ಉಳಿದವು ಬಾರದಿರುವುದು, ಇವುಗಳಲ್ಲಿ ಯಾವ ಒಂದು ಕಂಡರೂ ಕಾಯುವ ಕಾಲ ಮುಗಿಯಿತೆಂದೇ ಅರ್ಥ. ನಿಮ್ಮ ಪಚ್ಚೆಯಲ್ಲಿ ಎರಡು ಕಂಡಿವೆ. ದಯವಿಟ್ಟು ಇಂದೇ ಎಕ್ಸ್‌ರೇ ಸೌಲಭ್ಯವಿರುವ, ಸರೀಸೃಪಗಳನ್ನು ನೋಡಿ ಅನುಭವವಿರುವ ವೈದ್ಯರಿಗೆ ಮೊದಲೇ ಫೋನ್ ಮಾಡಿ ಕರೆದೊಯ್ಯಿರಿ.

ಇದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ ಎಂಬುದನ್ನು ಸಾಕುವವರು ತಿಳಿದಿರಬೇಕು. ಮೊದಲನೆಯದರಲ್ಲಿ ಅಂಡಾಶಯದಲ್ಲಿ ಬೆಳೆದ ಹಳದಿ ಉಂಡೆಗಳು, ನಾವು ಫಾಲಿಕಲ್ ಎನ್ನುವವು, ಅಂಡನಾಳಕ್ಕೆ ಇಳಿಯದೆ ಅಲ್ಲಿಯೇ ನಿಂತುಬಿಡುತ್ತವೆ. ಎರಡನೆಯದರಲ್ಲಿ ಮೊಟ್ಟೆಗಳು ಅಂಡನಾಳಕ್ಕೆ ಇಳಿದು, ಚಿಪ್ಪು ಕಟ್ಟಿ, ಅಲ್ಲಿಂದ ಹೊರಗೆ ಬರುವುದಿಲ್ಲ. ಎರಡಕ್ಕೂ ಚಿಕಿತ್ಸೆ ಒಂದೇ ಅಲ್ಲ. ಚಿಪ್ಪು ಕಟ್ಟಿದ ಮೊಟ್ಟೆಗಳು ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತವೆ, ಎಣಿಸಲೂ ಬರುತ್ತದೆ. ಫಾಲಿಕಲ್‌ಗಳಿಗೆ ಅಲ್ಟ್ರಾಸೌಂಡ್ ಹೆಚ್ಚು ಸಹಾಯಕ. ನಿಮ್ಮದರಲ್ಲಿ ಒಂದು ಮೊಟ್ಟೆ ಹೊರಗೆ ಬಂದಿರುವುದರಿಂದ ಎರಡನೆಯ ತೊಂದರೆಯ ಸಂಭವವೇ ಹೆಚ್ಚು.

ಅಂಡನಾಳ ಎಂದರೆ ಸ್ನಾಯುವಿನ ಕೊಳವೆ. ಅದು ಹಿಂಡಿ ಮೊಟ್ಟೆಯನ್ನು ಮುಂದಕ್ಕೆ ತಳ್ಳಬೇಕಾದರೆ ರಕ್ತದಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇರಬೇಕು, ಮೈಯಲ್ಲಿ ನೀರಿರಬೇಕು, ದೇಹ ತಕ್ಕ ಮಟ್ಟಿಗೆ ಬೆಚ್ಚಗಿರಬೇಕು. ಹತ್ತಾರು ಮೊಟ್ಟೆಗಳಿಗೆ ಚಿಪ್ಪು ಕಟ್ಟಲು ಮೈಯ ಕ್ಯಾಲ್ಸಿಯಂ ವ್ಯಯವಾಗಿರುವಾಗ, ಆಹಾರದಲ್ಲಿಯೂ ಅದು ಸಿಗದಿದ್ದರೆ, ಕೊಳವೆಗೆ ಹಿಂಡುವ ಶಕ್ತಿಯೇ ಉಳಿಯುವುದಿಲ್ಲ. ನಿಮ್ಮ ಬಾಲ್ಕನಿಗೆ ಬೆಳಗಿನ ಬಿಸಿಲು ಬಿದ್ದರೂ ಗಾಜಿನ ಬಾಗಿಲು ಮುಚ್ಚಿದ್ದರೆ ಯುವಿಬಿ ಕಿರಣ ಒಳಗೆ ಬರುವುದಿಲ್ಲ, ಗಾಜು ಅದನ್ನು ತಡೆಯುತ್ತದೆ. ಟ್ಯೂಬು ಕೂಡ ಬೆಳಕು ಕೊಡುತ್ತಿದ್ದರೂ ಯುವಿಬಿ ಕೊಡುವ ಶಕ್ತಿಯನ್ನು ತಿಂಗಳುಗಳು ಕಳೆದಂತೆ ಕಳೆದುಕೊಳ್ಳುತ್ತದೆ. ಆ ಕಿರಣವಿಲ್ಲದೆ ಮೈಯಲ್ಲಿ ವಿಟಮಿನ್ ಡಿ3 ಆಗುವುದಿಲ್ಲ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ.

ಚಿಕಿತ್ಸೆ ಸಾಮಾನ್ಯವಾಗಿ ನೀರಿನಿಂದ ಆರಂಭವಾಗುತ್ತದೆ. ಚರ್ಮದಡಿ ದ್ರವ ಕೊಡುತ್ತೇವೆ, ಆಮೇಲೆ ಅಗತ್ಯವಿದ್ದರೆ ಕ್ಯಾಲ್ಸಿಯಂ ಗ್ಲುಕೋನೇಟ್ ಕೊಡುತ್ತೇವೆ. ಅಂಡನಾಳ ಹಿಂಡುವಂತೆ ಮಾಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಕೆಲವರು ಮೊದಲೇ ಕೇಳುತ್ತಾರೆ. ಆಮೆಗಳಲ್ಲಿ ಅದು ಕೊಡುವಷ್ಟು ಫಲವನ್ನು ಹಲ್ಲಿಯ ಬಳಗದಲ್ಲಿ ಕೊಡುವುದಿಲ್ಲ; ಅದಕ್ಕಿಂತ ಮುಖ್ಯವಾಗಿ, ದೊಡ್ಡದಾದ ಅಥವಾ ವಿಕಾರವಾದ ಮೊಟ್ಟೆಯೊಂದು ದಾರಿಗೆ ಅಡ್ಡವಾಗಿರುವಾಗ ಅದನ್ನು ಕೊಟ್ಟರೆ ಅಂಡನಾಳವೇ ಹರಿಯಬಹುದು. ಆದ್ದರಿಂದ ಚಿತ್ರ ನೋಡದೆ ಕೊಡುವುದು ತಪ್ಪು. ಔಷಧಕ್ಕೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯಲ್ಲಿ ಮೊಟ್ಟೆಗಳನ್ನೂ ಅಂಡಾಶಯ, ಅಂಡನಾಳಗಳನ್ನೂ ತೆಗೆಯುವ ದಾರಿಯಿದೆ. ಪ್ರಾಣಿ ಪೂರ್ತಿ ಸೋತು ಮಲಗಿದ ಮೇಲೆ ಮಾಡುವ ಶಸ್ತ್ರಚಿಕಿತ್ಸೆಗೂ ಬಲವಿರುವಾಗಲೇ ಮಾಡುವುದಕ್ಕೂ ಅಜಗಜಾಂತರವಿದೆ.

ಹೊಟ್ಟೆ ನೀವುವ ಬಗ್ಗೆ ಒಂದು ಮಾತು. ನಿಮ್ಮ ಅತ್ತೆಯವರ ಕಾಳಜಿ ನನಗೆ ಅರ್ಥವಾಗುತ್ತದೆ, ದನಕರುಗಳನ್ನು ಸಾಕಿದ ಮನೆಗಳಲ್ಲಿ ಕೈಯಿಂದ ಉಪಚರಿಸುವ ರೂಢಿ ಇದ್ದೇ ಇದೆ. ಆದರೆ ಈ ಪ್ರಾಣಿಯ ಮೊಟ್ಟೆಯ ಚಿಪ್ಪು ತೊಗಲಿನಂತೆ ಮೆತ್ತಗಿರುತ್ತದೆ. ಒತ್ತಿದರೆ ಒಳಗೇ ಒಡೆದು, ಹಳದಿ ಹೊಟ್ಟೆಯ ಕುಹರದಲ್ಲಿ ಸೋರಿ, ಮಾರಕವಾದ ಉರಿಯೂತವನ್ನು ತರುತ್ತದೆ.

ಕರೆತರುವಾಗ ಗಾಳಿಯಾಡುವ ಡಬ್ಬಿಯಲ್ಲಿ ಹಿಡಿದುಕೊಳ್ಳಲು ಒಂದು ಕೋಲನ್ನು ಕಟ್ಟಿ, ಮೇಲೆ ಬಟ್ಟೆ ಮುಚ್ಚಿ. ಕಾರಿನ ಎ.ಸಿ. ಗಾಳಿ ನೇರವಾಗಿ ಬೀಳದಿರಲಿ. ಬಿದ್ದ ಮೊಟ್ಟೆ ಇನ್ನೂ ಇದ್ದರೆ ಅದನ್ನೂ ತನ್ನಿ.

ಬಿಜೈ ನಿವಾಸಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಡಾಕ್ಟರರ ಉತ್ತರ ಓದಿದ ಕೂಡಲೇ ಹೊರಟೆವು. ನಡೆದದ್ದನ್ನು ಮುಂದೆ ಇದೇ ಸ್ಥಿತಿಯಲ್ಲಿ ಸಿಲುಕುವವರಿಗೆ ಉಪಯೋಗವಾಗಲೆಂದು ವಿವರವಾಗಿ ಬರೆಯುತ್ತಿದ್ದೇನೆ.

ಎಕ್ಸ್‌ರೇಯಲ್ಲಿ 41 ಮೊಟ್ಟೆಗಳು ಕಂಡವು. ವೈದ್ಯರು ಚಿತ್ರವನ್ನು ದೀಪದ ಮೇಲಿಟ್ಟು ಪೆನ್ಸಿಲಿನ ತುದಿಯಿಂದ ಒಂದೊಂದನ್ನೇ ಮುಟ್ಟಿ ಎಣಿಸಿದರು. ಗಾತ್ರದಲ್ಲಿ ಎಲ್ಲವೂ ಸರಿಸುಮಾರು ಒಂದೇ, ದಾರಿಗೆ ಅಡ್ಡವಾದದ್ದು ಇರಲಿಲ್ಲ. ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರು. ಮಲದೊಡನೆ ಬೀಳುವ ಬಿಳಿಯ ಭಾಗ ಕೆಲವು ದಿನಗಳಿಂದ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿದ್ದೆ, ಅದೇ ಅದರ ಗುರುತೆಂದು ತಿಳಿದಿರಲಿಲ್ಲ. ದ್ರವವನ್ನೂ ಕ್ಯಾಲ್ಸಿಯಂ ಅನ್ನೂ ಕೊಟ್ಟು, ಮನೆಯಲ್ಲಿ ಸರಿಯಾದ ಬಾಲ್ದಿ ಸಿದ್ಧವಿದ್ದರೆ ಒಂದು ದಿನ ನೋಡೋಣ, ಮರುದಿನ ಸಂಜೆಯೊಳಗೆ ಇಡದಿದ್ದರೆ ಅಥವಾ ನಡುವೆ ಇನ್ನಷ್ಟು ಸೋತರೆ ಮುಂದಿನ ನಿರ್ಧಾರ ತೆಗೆದುಕೊಳ್ಳೋಣ ಎಂದರು.

ನಾವು ಆಸ್ಪತ್ರೆಯಲ್ಲಿದ್ದಾಗ ನನ್ನ ಪತಿ ಮನೆಯಲ್ಲಿ ಬಾಲ್ದಿಯನ್ನು ತುಂಬಿ, ಉಡುಪಿಯ ಅಣ್ಣ ಹೇಳಿದಂತೆ ಬೆರಳು ಚುಚ್ಚಿ ಹದ ನೋಡಿ ಇಟ್ಟಿದ್ದರು. ರಾತ್ರಿ ಪಚ್ಚೆ ಕೊಂಬೆಯ ಮೇಲೆಯೇ ನಿದ್ದೆ ಮಾಡಿತು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೆಡ್‌ಶೀಟಿನ ಹಿಂದಿನಿಂದ ಮಣ್ಣು ಬಾಲ್ದಿಯ ಅಂಚಿಗೆ ಬಡಿಯುವ ಸದ್ದು ಕೇಳಿಸಿತು. ಗೂಡಿನ ಮೂಲೆಯಲ್ಲಿ ಹಳೆಯ ಫೋನೊಂದನ್ನು ಮೊದಲೇ ಇಟ್ಟಿದ್ದರಿಂದ ಹತ್ತಿರ ಹೋಗದೆ ನೋಡಲು ಸಾಧ್ಯವಾಯಿತು. ಮಧ್ಯಾಹ್ನದವರೆಗೆ ಕೊರೆದು ಒಳಗೆ ಮರೆಯಾಯಿತು. ಸಂಜೆ ನಾಲ್ಕರ ಸುಮಾರಿಗೆ ಸುರಂಗದ ಬಾಯಿಯಲ್ಲಿ ಮಣ್ಣು ಮೆತ್ತಿದ ಮೂಗು ಮಾತ್ರ ಕಾಣಿಸಿತು, ಎರಡೂ ಕಣ್ಣುಗಳು ತೆರೆದಿದ್ದವು. ರಾತ್ರಿ ಹೊರಗೆ ಬರಲಿಲ್ಲ. ಕತ್ತಲಲ್ಲಿ ಎಬ್ಬಿಸಬಾರದೆಂದು ನಾವೂ ಸುಮ್ಮನಿದ್ದೆವು. ಮರುದಿನ ಬೆಳಿಗ್ಗೆ ನೋಡಿದರೆ ಸುರಂಗವನ್ನು ಮುಚ್ಚಿ, ಮೇಲಿನ ಮಣ್ಣನ್ನು ಹಿಂಗಾಲಿನಿಂದ ತುಳಿದು ಸಮ ಮಾಡುತ್ತಿತ್ತು. ಮೇಲೆ ಹತ್ತಿದಾಗ ಪಕ್ಕೆಗಳು ಖಾಲಿ ಚೀಲದಂತೆ ಒಳಕ್ಕೆ ಹೋಗಿದ್ದವು. ತೂಕ 86 ಗ್ರಾಂ. ಎಲೆಗಳ ಮೇಲೆ ನೀರು ಸಿಂಪಡಿಸಿದರೆ ಹತ್ತು ನಿಮಿಷ ಎಡೆಬಿಡದೆ ಕುಡಿಯಿತು.

ಮಣ್ಣನ್ನು ಜರಡಿ ಹಿಡಿದು ಮೊಟ್ಟೆಗಳನ್ನು ತೆಗೆದೆ. 39 ಇವೆ. ಚಿತ್ರದಲ್ಲಿ ಎಣಿಸಿದ್ದು 41. ಉಳಿದ ಎರಡು ಒಳಗೇ ಇರಬಹುದೇ?

ಪಶುವೈದ್ಯ, ಮಂಗಳೂರು

ಒಳ್ಳೆಯ ಸುದ್ದಿ. ಆ ಎರಡರ ಬಗ್ಗೆ ನೀವು ಎಣಿಸಿ ನೋಡಿದ್ದು ಬಹಳ ಸರಿಯಾದ ಕೆಲಸ, ಹೆಚ್ಚಿನವರು ಇದನ್ನು ಮಾಡುವುದಿಲ್ಲ. ಒಂದರ ಮೇಲೊಂದು ಬಿದ್ದ ನೆರಳುಗಳಲ್ಲಿ ಒಂದೆರಡು ಎಣಿಕೆ ಹೆಚ್ಚುಕಡಿಮೆಯಾಗುವುದು ಸಾಧ್ಯ. ಮಣ್ಣಿನಲ್ಲಿ ಒಡೆದ ಚಿಪ್ಪು ಇದೆಯೇ ಎಂದು ಇನ್ನೊಮ್ಮೆ ನೋಡಿ. ಉಳಿದದ್ದು ಒಂದೆರಡು ದಿನಗಳಲ್ಲಿ ತಾನಾಗಿಯೇ ಬೀಳಲೂಬಹುದು. ಆದರೂ ನಾಲ್ಕನೆಯ ದಿನಕ್ಕೆ ಮತ್ತೊಂದು ಎಕ್ಸ್‌ರೇ ತೆಗೆಸಿ. ಒಳಗೆ ಉಳಿದು ಕೊಳೆಯುವ ಒಂದೇ ಮೊಟ್ಟೆಯೂ ಸೋಂಕಿಗೆ ಕಾರಣವಾಗುತ್ತದೆ, ಮುಂದಿನ ಸಲದ ಮೊಟ್ಟೆಗಳಿಗೆ ಅಡ್ಡವೂ ಆಗುತ್ತದೆ.

ಸುರತ್ಕಲ್ ಓದುಗಿ

ಪಚ್ಚೆ ಚೇತರಿಸಿಕೊಂಡದ್ದನ್ನು ಓದಿ ಮನಸ್ಸಿಗೆ ಸಮಾಧಾನವಾಯಿತು. ನನ್ನದು ಉಳಿಯಲಿಲ್ಲ. ಅದು ಹೇಗಾಯಿತೆಂದು ಇಲ್ಲಿ ಬರೆಯುವುದು ಅಗತ್ಯವೆನಿಸುತ್ತದೆ, ಏಕೆಂದರೆ ನಿಮಗೆ ಮಣ್ಣು ಕೆದಕುವ ಗುರುತಾದರೂ ಸಿಕ್ಕಿತು, ನನಗೆ ಅದೂ ಸಿಗಲಿಲ್ಲ.

ನನ್ನ ಹೆಣ್ಣಿಗೆ ಆಗ ಒಂದೂವರೆ ವರ್ಷ. ಅದಕ್ಕೂ ಮೊದಲು ಎರಡು ಸಲ ತೊಂದರೆಯಿಲ್ಲದೆ ಮೊಟ್ಟೆ ಇಟ್ಟಿತ್ತು. ಗೂಡಿನಲ್ಲಿ ಆಳದ ಮರಳಿನ ತೊಟ್ಟಿ ಯಾವಾಗಲೂ ಇರುತ್ತಿತ್ತು. ಮೂರನೆಯ ಸಲ ಅದು ತಿನ್ನುವುದನ್ನು ನಿಲ್ಲಿಸಿ ಹೊಟ್ಟೆ ದಪ್ಪವಾದರೂ ಒಮ್ಮೆಯೂ ಕೆಳಗಿಳಿಯಲಿಲ್ಲ. ಕೆದಕದೆ ಇರುವುದರಿಂದ ಇನ್ನೂ ಹೊತ್ತಾಗಿಲ್ಲವೆಂದು ನಾನು ಹತ್ತಿರ ಹತ್ತಿರ ಮೂರು ವಾರ ಕಾದೆ. ಕೊನೆಗೆ ಒಂದು ಚಿಕಿತ್ಸಾಲಯಕ್ಕೆ ಒಯ್ದಾಗ ಎಕ್ಸ್‌ರೇ ತೆಗೆದು, ಮೊಟ್ಟೆಗಳೇ ಇಲ್ಲ, ಅಜೀರ್ಣವಿರಬೇಕು ಎಂದು ಔಷಧ ಕೊಟ್ಟು ಕಳುಹಿಸಿದರು. ಒಂದು ವಾರದ ನಂತರ ಬೆಂಗಳೂರಿಗೆ ಕೊಂಡೊಯ್ದು ಅಲ್ಟ್ರಾಸೌಂಡ್ ಮಾಡಿಸಿದಾಗ ಹೊಟ್ಟೆ ತುಂಬ ಫಾಲಿಕಲ್‌ಗಳು ಗೊಂಚಲಾಗಿ ನಿಂತಿದ್ದವು. ಡಾಕ್ಟರರು ಮೇಲೆ ವಿವರಿಸಿದ ಮೊದಲನೆಯ ತೊಂದರೆ ಅದೇ. ಆ ಹೊತ್ತಿಗೆ ಅದರಲ್ಲಿ ಅರಿವಳಿಕೆಯನ್ನು ತಾಳಿಕೊಳ್ಳುವ ಬಲವಿರಲಿಲ್ಲ. ಶಿರಾಡಿ ಘಾಟಿಯಲ್ಲಿ ಹಿಂದಿರುಗುವಾಗ, ಸಕಲೇಶಪುರ ದಾಟಿದ ಮೇಲೆ, ನನ್ನ ಮಡಿಲಲ್ಲಿದ್ದ ಡಬ್ಬಿಯಲ್ಲಿ ಅದು ಕೋಲನ್ನು ಬಿಟ್ಟಿತು.

ಆದ್ದರಿಂದ ಓದುವವರಲ್ಲಿ ಕೇಳಿಕೊಳ್ಳುವುದಿಷ್ಟು. ಹೊಟ್ಟೆ ದಪ್ಪವಾಗಿ, ಆಹಾರ ಬಿಟ್ಟು ಒಂದು ವಾರ ಕಳೆದರೆ, ಕೆದಕಲಿ ಬಿಡಲಿ, ತೋರಿಸಿ. ಎಕ್ಸ್‌ರೇಯಲ್ಲಿ ಮೊಟ್ಟೆ ಕಾಣಿಸದಿದ್ದರೆ ಅಲ್ಟ್ರಾಸೌಂಡ್ ಕೇಳಿ ಮಾಡಿಸಿಕೊಳ್ಳಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಕ್ಯಾಲೆಂಡರಿನ ಮೇಲೆ ಬರೆದಿಡಿ. ಬಿಜೈಯವರ ಹಾಗೆ ನನ್ನ ಬಳಿ ಎರಡು ತೂಕಗಳು ಬರೆದಿಟ್ಟಿದ್ದಿದ್ದರೆ ನಾನು ಮೂರು ವಾರ ಕಾಯುತ್ತಿರಲಿಲ್ಲ.

ಕಾಲೇಜು ವಿದ್ಯಾರ್ಥಿ, ಮಣಿಪಾಲ

ಇದಕ್ಕೆ ಸಂಬಂಧಿಸಿದ ಒಂದು ಪ್ರಶ್ನೆ ಕೇಳಬಹುದೇ? ಕಡೂರಿನ ಕಡೆಯ ನಮ್ಮ ಊರಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ನಾಡಿನ ಊಸರವಳ್ಳಿಯೊಂದು ಮರದಿಂದಿಳಿದು ಅಂಗಳದಲ್ಲಿ ಗುಂಡಿ ತೋಡುತ್ತಿರುವುದನ್ನು ಅಮ್ಮ ನೋಡಿದ್ದರು. ಅಂತಹ ಹೆಣ್ಣನ್ನು ತಂದು ಮೊಟ್ಟೆ ಇಡಿಸಿ ಮರಿ ಮಾಡಿಸಿದರೆ ಅದಕ್ಕೆ ಸಹಾಯವಾಗುವುದಿಲ್ಲವೇ?

ಉಡುಪಿಯ ಹವ್ಯಾಸಿ

ತಮ್ಮಾ, ಅದನ್ನು ಮುಟ್ಟಬೇಡ. ನಮ್ಮ ನಾಡಿನ ಊಸರವಳ್ಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಹಿಡಿಯುವುದೂ ಸಾಕುವುದೂ ಅಪರಾಧ. ಕಾನೂನನ್ನು ಬದಿಗಿಟ್ಟು ನೋಡಿದರೂ, ಗುಂಡಿ ತೋಡುವ ಹೆಣ್ಣನ್ನು ಎತ್ತಿ ಬೇರೆಡೆಗೆ ಒಯ್ದರೆ ಇಲ್ಲಿ ಪಚ್ಚೆಗೆ ಬಂದ ತೊಂದರೆಯನ್ನೇ ನಾವು ಕೈಯಾರೆ ಅದಕ್ಕೆ ತಂದಂತಾಗುತ್ತದೆ. ಅಂಗಳದ ನಾಯಿಯನ್ನೂ ಕೋಳಿಗಳನ್ನೂ ಒಂದು ದಿನ ಕಟ್ಟಿಹಾಕಿ, ಅದರ ಪಾಡಿಗೆ ಬಿಡಲು ಅಮ್ಮನಿಗೆ ಹೇಳು.

ಬಿಜೈ ಅಕ್ಕ, ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಸುರತ್ಕಲ್‌ನವರ ಮಾತನ್ನು ಎರಡು ಸಲ ಓದಿ. ಮೊಟ್ಟೆ ಇಟ್ಟು ಮುಗಿಯಿತು ಎಂದು ನಿಶ್ಚಿಂತರಾದರೆ ಮೂರು ನಾಲ್ಕು ತಿಂಗಳಲ್ಲಿ ಮತ್ತೆ ಇದೇ ಸ್ಥಿತಿ ಬರಬಹುದು. ಈ ಮೂರು ನಾಲ್ಕು ದಿನ ಚೆನ್ನಾಗಿ ತಿನ್ನಿಸಿ, ನೀರು ಧಾರಾಳವಾಗಿ ಕೊಡಿ, ಪ್ರತಿ ಸಲವೂ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿಯನ್ನು ತೆಳುವಾಗಿ ಹಚ್ಚಿ. ಅದಾದ ಮೇಲೆ ಆಹಾರವನ್ನು ಕಡಿಮೆ ಮಾಡಲೇಬೇಕು. ದಿನಕ್ಕೆ ಹನ್ನೆರಡು ಹುಳು ಬೆಳೆಯುವ ಮರಿಗೆ ಸರಿ, ಬೆಳೆದ ಹೆಣ್ಣಿಗೆ ಅಲ್ಲ. ಹೊಟ್ಟೆ ತುಂಬ ಆಹಾರ ಸಿಕ್ಕಿದಷ್ಟೂ ಅದರ ಮೈ ಹೆಚ್ಚು ಮೊಟ್ಟೆ ಕಟ್ಟುತ್ತದೆ. ನನ್ನ ಹೆಣ್ಣುಗಳಿಗೆ ವಾರದಲ್ಲಿ ಮೂರು ದಿನ, ದಿನಕ್ಕೆ ಮೂರು ನಾಲ್ಕು ಹುಳು ಮಾತ್ರ ಕೊಡುತ್ತೇನೆ. ಕೊಡುವ ಹಿಂದಿನ ದಿನ ಆ ಹುಳುಗಳಿಗೆ ನುಗ್ಗೆಸೊಪ್ಪು, ಕ್ಯಾರೆಟ್ ತಿನ್ನಿಸುತ್ತೇನೆ. ನಡುವೆ ಹಸಿವಾದರೆ ಗೂಡಿನ ದಾಸವಾಳದ ಎಲೆಯನ್ನು ಹೆಣ್ಣುಗಳು ತಾವೇ ಕಚ್ಚಿ ತಿನ್ನುತ್ತವೆ. ಮೊದಲ ವಾರ ಜಾಲರಿಗೆ ಮುಖವಿಟ್ಟು ನಿಮ್ಮನ್ನೇ ನೋಡುತ್ತಾ ಕುಳಿತರೆ ಕನಿಕರವಾಗುತ್ತದೆ, ಆದರೂ ಬಗ್ಗಬೇಡಿ. ಮೊದಲ ಹೆಣ್ಣಿಗೆ ನಾನು ಬಗ್ಗಿದ್ದರಿಂದ ಅದು ಒಂದೇ ಸಲಕ್ಕೆ 60ಕ್ಕೂ ಹೆಚ್ಚು ಮೊಟ್ಟೆ ಇಟ್ಟು ಬಹಳ ನರಳಿತು. ಆಹಾರ ಇಳಿಸಿದ ಮೇಲೆ ಈಗಿನ ಹೆಣ್ಣು ಇಪ್ಪತ್ತರ ಆಸುಪಾಸಿನಲ್ಲಿ ಇಡುತ್ತಿದೆ.

ಇನ್ನೊಂದು ಸಂಗತಿ ನಮ್ಮ ಕರಾವಳಿಗೇ ವಿಶೇಷವಾದದ್ದು. ಪುಸ್ತಕಗಳಲ್ಲೂ ವಿಡಿಯೋಗಳಲ್ಲೂ ಬಿಸಿ ಬಲ್ಬಿನ ಬಗ್ಗೆ ಹೇಳುವವರು ಹೆಚ್ಚಾಗಿ ಚಳಿ ದೇಶದವರು. ಹೆಣ್ಣಿಗೆ ಮೈ ಕಾಯಿಸಿಕೊಳ್ಳುವ ಜಾಗದಲ್ಲಿ 27–28 ಡಿಗ್ರಿ ಸಾಕು. ಮಂಗಳೂರಿನಲ್ಲಿ ಏಪ್ರಿಲ್ ತಿಂಗಳ ಹಗಲು 33–34 ಡಿಗ್ರಿ ಇರುವಾಗ, ಗಾಜು ಮುಚ್ಚಿದ ಬಾಲ್ಕನಿಯಲ್ಲಿ 60 ವಾಟಿನ ಬಲ್ಬು ಹಚ್ಚಿದರೆ ಆ ಪ್ರಾಣಿಗೆ ತಂಪಿಗೆ ಸರಿಯುವ ಮೂಲೆಯೇ ಉಳಿಯುವುದಿಲ್ಲ. ಬಿಸಿ ಹೆಚ್ಚಿದಷ್ಟೂ ಮೊಟ್ಟೆ ಕಟ್ಟುವುದೂ ಹೆಚ್ಚುತ್ತದೆ, ಮೈಯ ನೀರೂ ಬೇಗ ಆರುತ್ತದೆ. ನಮ್ಮ ಹವೆಯಲ್ಲಿ ತೇವ ಇದೆಯಲ್ಲ ಎಂದು ನೀರು ಕಡಿಮೆ ಮಾಡಬೇಡಿ, ಗಾಳಿಯ ತೇವ ಕುಡಿಯುವ ನೀರಿಗೆ ಬದಲಾಗುವುದಿಲ್ಲ. ಬೇಸಿಗೆ ಮುಗಿಯುವವರೆಗೆ ಬಲ್ಬನ್ನು ತೆಗೆದುಬಿಡಿ, ಯುವಿಬಿ ಟ್ಯೂಬ್ ಮಾತ್ರ ಇರಲಿ. ಗೂಡನ್ನು ಗಾಳಿಯಾಡುವ ಒಳಕೋಣೆಗೆ ಸಾಗಿಸಿ, ಬೆಳಿಗ್ಗೆ ಅರ್ಧ ಗಂಟೆ ಗಾಜು ಸರಿಸಿದ ಬಾಲ್ಕನಿಯಲ್ಲಿ ನೆರಳು-ಬಿಸಿಲು ಎರಡೂ ಸಿಗುವಂತೆ ಇಡಿ. ಮಳೆಗಾಲ ಬಂದು ಆರು ದಿನ ಎಡೆಬಿಡದೆ ಸುರಿದಾಗ ಬಲ್ಬಿನ ಅಗತ್ಯ ಬೀಳಬಹುದು, ಆಗಲೂ ಥರ್ಮಾಮೀಟರ್ ನೋಡಿಯೇ ಹಚ್ಚಿ.

ಬಿಜೈ ನಿವಾಸಿ

ಬಲ್ಬನ್ನು ನಿನ್ನೆಯೇ ತೆಗೆದೆ, ಗೂಡು ಈಗ ಒಳಕೋಣೆಯಲ್ಲಿದೆ. ಎರಡು ಪ್ರಶ್ನೆಗಳು ಉಳಿದಿವೆ. ಗಂಡಿನ ಜೊತೆ ಕೂಡಿಸಿದರೆ ಮುಂದಿನ ಸಲ ಮೊಟ್ಟೆ ಸಲೀಸಾಗಿ ಇಳಿಯುತ್ತದೆ ಎಂದು ಒಬ್ಬರು ಹೇಳಿದರು, ಅದು ನಿಜವೇ? ಮತ್ತು ತೆಗೆದ 39 ಮೊಟ್ಟೆಗಳನ್ನು ಏನು ಮಾಡಲಿ?

ಪಶುವೈದ್ಯ, ಮಂಗಳೂರು

ನಿಜವಲ್ಲ. ಕೂಡಿಸಿದರೆ ಮೊಟ್ಟೆಗಳು ಫಲಿತವಾಗುತ್ತವೆ ಎಂಬುದನ್ನು ಬಿಟ್ಟರೆ ಇಡುವ ಶ್ರಮ ಕಡಿಮೆಯಾಗುವುದಿಲ್ಲ. ಇವುಗಳ ಹೆಣ್ಣು ಗಂಡಿನ ವೀರ್ಯವನ್ನು ಮೈಯಲ್ಲಿ ಉಳಿಸಿಕೊಂಡು ಒಂದೇ ಕೂಡುವಿಕೆಯಿಂದ ಮುಂದಿನ ಸಲವೂ ಫಲಿತ ಮೊಟ್ಟೆ ಇಡಬಲ್ಲದು. ಫಲಿತ ಮೊಟ್ಟೆಗಳನ್ನು ಆರರಿಂದ ಒಂಬತ್ತು ತಿಂಗಳ ಕಾಲ ಹದವಾದ ಬಿಸಿಯಲ್ಲಿ ಕಾಪಾಡಬೇಕು, ಹುಟ್ಟುವ ಹತ್ತಾರು ಮರಿಗಳಿಗೆ ನೆಲೆ ಒದಗಿಸಬೇಕು. ಈಗ ಒಂದು ಸಲ ಕಷ್ಟಪಟ್ಟಿರುವ ಹೆಣ್ಣನ್ನು ಅದಕ್ಕೆ ಒಡ್ಡಬಾರದು. ನಿಮ್ಮ ಬಳಿ ಬಂದ ಮೇಲೆ ಅದು ಗಂಡಿನ ಜೊತೆ ಇರಲಿಲ್ಲವಾದ್ದರಿಂದ, ಬರುವಾಗ ಮೂರು ತಿಂಗಳ ಮರಿಯಾಗಿದ್ದರಿಂದ, ಈ 39 ಮೊಟ್ಟೆಗಳು ಫಲಿತವಲ್ಲ. ಕೆಲವೇ ದಿನಗಳಲ್ಲಿ ಹಳದಿಯಾಗಿ ಕುಗ್ಗಿ ಬೂಷ್ಟು ಹಿಡಿಯುತ್ತವೆ. ಗಿಡದ ಬುಡದಲ್ಲಿ ಹೂಳಬಹುದು. ಗೂಡಿನೊಳಗಿನ ಕುಂಡದಲ್ಲಿ ಬೇಡ.

ಬಿಜೈ ನಿವಾಸಿ

ಇಂದು ಎರಡನೆಯ ಎಕ್ಸ್‌ರೇ ಮುಗಿಸಿ ಬಂದೆವು. ಡಾಕ್ಟರರು ಹೇಳಿದಂತೆ ಮಣ್ಣನ್ನು ಮತ್ತೊಮ್ಮೆ ಜರಡಿ ಹಿಡಿದಾಗ ಬಾಲ್ದಿಯ ತಳದಲ್ಲಿ ಅಂಟಿಕೊಂಡಿದ್ದ ಒಂದು ಒಡೆದ ಚಿಪ್ಪು ಸಿಕ್ಕಿತ್ತು. ಇನ್ನೊಂದು ಮೊಟ್ಟೆ ನಿನ್ನೆ ರಾತ್ರಿ ಮನಿ ಪ್ಲಾಂಟಿನ ಎಲೆಯ ಮೇಲೆ ಬಿದ್ದಿತ್ತು. ಚಿತ್ರದಲ್ಲಿ ಈಗ ಏನೂ ಉಳಿದಿಲ್ಲ. ಮೈ ಬಣ್ಣ ತಿಳಿ ಹಸಿರಿಗೆ ಮರಳುತ್ತಿದೆ. ಬೆಳಿಗ್ಗೆ ನಾಲ್ಕು ಹುಳು ತಿಂದಿತು, ನಾಲ್ಕನೆಯದಕ್ಕೆ ನಾಲಿಗೆ ಅರ್ಧ ಗೂಡಿನಷ್ಟು ದೂರ ಚಿಮ್ಮಿತು. ಅತ್ತೆಯವರು ಕ್ಯಾಲೆಂಡರಿನಲ್ಲಿ ಇಂದಿನ ಚೌಕದಲ್ಲಿ ‘89 ಗ್ರಾಂ’ ಎಂದು ತಾವೇ ಬರೆದಿದ್ದಾರೆ. ಬಾಲ್ದಿಗೆ ಹೊಸ ಹೊಯಿಗೆಯನ್ನೂ ಮಣ್ಣನ್ನೂ ತುಂಬಿ ಗೂಡಿನಲ್ಲೇ ಬಿಟ್ಟಿದ್ದೇನೆ.